ಹುಡುಗಿಯರ ಯೋಜನೆಯಲ್ಲಿ ಮಾರ್ಗದರ್ಶಿಯ ಮಾತು ಎಲ್ಲಿಗೆ ನಿಲ್ಲಬೇಕು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿಯವಳು. ನಮ್ಮೂರಿನ ಗ್ರಂಥಾಲಯದ ಆಶ್ರಯದಲ್ಲಿ ಎಂಟನೆಯ ತರಗತಿಯಿಂದ ಹನ್ನೊಂದನೆಯದಾದ ಪ್ಲಸ್ ವನ್‌ವರೆಗಿನ ಏಳು ಮಂದಿ ಹುಡುಗಿಯರು ಒಂದು ವರ್ಷದಿಂದ ಪ್ರತಿ ಶನಿವಾರ ಸೇರುತ್ತಿದ್ದಾರೆ. ಊರಿಗೆ ಬೇಕಾದ ಒಂದು ಕೆಲಸವನ್ನು ಅವರೇ ಆರಿಸಿ, ಅವರೇ ನಡೆಸಿ, ಅವರೇ ದಡ ಮುಟ್ಟಿಸಬೇಕೆಂಬುದು ನಮ್ಮ ಕ್ರಮ. ನಾನೂ ನನ್ನ ಗೆಳತಿಯೊಬ್ಬಳೂ ಅವರ ಮಾರ್ಗದರ್ಶಿಗಳು. ಇದು ಸಂಬಳದ ಕೆಲಸವಲ್ಲ. ಈ ಸಲ ಹುಡುಗಿಯರು ಆರಿಸಿಕೊಂಡದ್ದು ಸುರಂಗಗಳನ್ನು, ಎಂದರೆ ನೀರಿಗಾಗಿ ಗುಡ್ಡದ ಬದಿಯಲ್ಲಿ ಅಡ್ಡಕ್ಕೆ ತೋಡಿದವುಗಳನ್ನು. ವಾರ್ಡಿನಲ್ಲಿ ಈಗಲೂ ನೀರು ಕೊಡುವ ಸುರಂಗಗಳೆಷ್ಟು, ಹೂಳು ತುಂಬಿ ಯಾರೂ ತಿರುಗಿ ನೋಡದಂತಾದವು ಎಷ್ಟು ಎಂದು ಮನೆಮನೆಗೆ ಹೋಗಿ ಬರೆದುಕೊಂಡು, ಹೂಳೆತ್ತಿಸಿದರೆ ಮತ್ತೆ ನೀರು ಬರಬಹುದಾದವುಗಳ ಪಟ್ಟಿಯನ್ನು ಪಂಚಾಯತಿಗೆ ಕೊಡುವುದೆಂದು ನಿಶ್ಚಯಿಸಿದರು.

ಇದರ ಮುಂದಾಳು ಈಗ ತಾನೇ ಒಂಬತ್ತನೆಯ ತರಗತಿ ಮುಗಿಸಿದ ಹುಡುಗಿ. ಅವಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮನವಿಯನ್ನು ಕನ್ನಡದಲ್ಲಿ ಬರೆದು, ಹರಿದು, ಮತ್ತೆ ಬರೆದು, ಕಚೇರಿಯಲ್ಲಿ ಏನು ಹೇಳಬೇಕೆಂಬುದನ್ನು ಎರಡು ವಾರ ಅಭ್ಯಾಸ ಮಾಡಿದ್ದಳು. ನಾವು ಪಂಚಾಯತಿಗೆ ಹೋದ ದಿನ ಮೇಜಿನಾಚೆ ಕುಳಿತವರು ಮಲಯಾಳದಲ್ಲಿ ಏನು ವಿಷಯವೆಂದು ಕೇಳಿದಾಗ ಅವಳು ಒಂದು ಕ್ಷಣ ತಡೆದಳು. ಆ ಒಂದು ಕ್ಷಣ ನನಗೆ ತಾಳಲಾಗಲಿಲ್ಲ. ನಾನೇ ಮಲಯಾಳದಲ್ಲಿ ಉತ್ತರಿಸಿದೆ. ಆಮೇಲಿನ ಪ್ರಶ್ನೆಗಳೆಲ್ಲವೂ ನನ್ನ ಕಡೆಗೇ ಬಂದವು, ನಾನು ಉತ್ತರಿಸುತ್ತಲೇ ಹೋದೆ. ಹತ್ತು ನಿಮಿಷದಲ್ಲಿ ಮನವಿಗೆ ಮೊಹರು ಬಿತ್ತು, ರಶೀದಿಯೂ ಸಿಕ್ಕಿತು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅವಳು, "ಅಕ್ಕ, ಇನ್ನು ಮುಂದೆ ನೀವೊಬ್ಬರೇ ಬಂದರೂ ಸಾಕಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಲ್ಲಿಂದ ಮೂರು ಶನಿವಾರಗಳಾದವು, ಅವಳು ಗ್ರಂಥಾಲಯಕ್ಕೆ ಬಂದಿಲ್ಲ.

ಇಂತಹ ಕೆಲಸದಲ್ಲಿ ತೊಡಗಿರುವವರು ಈ ವೇದಿಕೆಯಲ್ಲಿ ಹಲವರಿದ್ದೀರಿ. ಮಾರ್ಗದರ್ಶಿ ಎಲ್ಲಿ ಮಾತನಾಡಬೇಕು, ಎಲ್ಲಿ ಬಾಯಿ ಮುಚ್ಚಿ ಕುಳಿತುಕೊಳ್ಳಬೇಕು? ನಿಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಹೊಳೆಬದಿ

ನೀವು ಮಾತನಾಡಿದ್ದಕ್ಕಿಂತ, ಮಾತನಾಡುವ ಮೊದಲು ಅವಳ ಮುಖವನ್ನೊಮ್ಮೆ ನೋಡದೆ ಹೋದದ್ದು ಅವಳಿಗೆ ಹೆಚ್ಚು ನೋವು ಕೊಟ್ಟಿರಬೇಕೆಂದು ನನಗೆ ತೋರುತ್ತದೆ.

ನಿವೃತ್ತ ಟೀಚರ್, ಬದಿಯಡ್ಕ

ಅಕ್ಕಾ, ನೀವು ಕೇಳಿದ ಪ್ರಶ್ನೆ ನನ್ನನ್ನು ಇಪ್ಪತ್ತೆರಡು ವರ್ಷ ಕಾಡಿದೆ. ನಾನು ಅಷ್ಟು ಕಾಲ ಶಾಲೆಯಲ್ಲಿ ಗೈಡ್ ಕ್ಯಾಪ್ಟನ್ ಆಗಿದ್ದೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಹುಡುಗಿಯೊಬ್ಬಳು ಪ್ರವೇಶದಿಂದ ತೊಡಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಿ ರಾಜ್ಯ ಪುರಸ್ಕಾರಕ್ಕೆ, ಅಲ್ಲಿಂದ ರಾಷ್ಟ್ರಪತಿ ಪುರಸ್ಕಾರಕ್ಕೆ ಹೋಗುತ್ತಾಳೆ. ಈ ಏಣಿಯ ಪ್ರತಿಯೊಂದು ಮೆಟ್ಟಿಲಲ್ಲಿಯೂ ದಾಖಲೆ ಪುಸ್ತಕ ಬೇಕು. ಟೀಚರೇ ಬರೆದುಕೊಟ್ಟ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಒಂದೆರಡು ಸಲ ನಾನೇ ಬರೆದುಕೊಟ್ಟಿದ್ದೇನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ. ಆ ಹುಡುಗಿಯರು ಪುರಸ್ಕಾರ ಪಡೆದು ಹೋದರು. ಆದರೆ ಮುಂದೆ ಊರಿನ ಯಾವ ಕೆಲಸಕ್ಕೂ ಅವರು ಮುಂದೆ ಬಂದದ್ದನ್ನು ನಾನು ಕಾಣಲಿಲ್ಲ.

ಗೈಡ್ ಪದ್ಧತಿಯಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರಿದ್ದು ಪೆಟ್ರೋಲ್ ಕ್ರಮ. ಆರರಿಂದ ಎಂಟು ಮಂದಿ ಹುಡುಗಿಯರು, ಅವರಲ್ಲಿಯೇ ಒಬ್ಬಳು ನಾಯಕಿ. ಕ್ಯಾಪ್ಟನ್ ಏನು ಹೇಳಬೇಕಿದ್ದರೂ ಆ ನಾಯಕಿಗೆ ಹೇಳುತ್ತಾಳೆ, ನಾಯಕಿ ತನ್ನವರಿಗೆ ಹೇಳುತ್ತಾಳೆ. ಒಮ್ಮೆ ನಮ್ಮ ಶಾಲೆಯ ಬಾವಿಕಟ್ಟೆಗೆ ಬಲೆ ಹಾಕಿಸುವ ವಿಷಯದಲ್ಲಿ ನಾಯಕಿ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಎದ್ದು ನಿಂತವಳು ಒಂದಕ್ಷರವೂ ಹೊರಡದೆ ನಿಂತುಬಿಟ್ಟಳು. ನಾನು ಮೇಜಿನ ಕೆಳಗೆ ಬೆರಳು ಮಡಚಿ ಎಣಿಸತೊಡಗಿದೆ. ಹದಿನೇಳು ಎಣಿಸುವಾಗ ಅವಳು, "ಕಳೆದ ಸೋಮವಾರ ಬಾವಿಗೆ ಬೆಕ್ಕಿನ ಮರಿ ಬಿತ್ತು" ಎಂದು ತೊಡಗಿದಳು. ನಾವು ಬರೆದುಕೊಟ್ಟ ಮಾತಿನಲ್ಲಿ ಬೆಕ್ಕಿನ ಮರಿ ಇರಲಿಲ್ಲ. ಸಭೆ ಅದೇ ವಾರ ಬಲೆಗೆ ಹಣ ಒದಗಿಸಿತು. ಅಂದಿನಿಂದ ಇಪ್ಪತ್ತರವರೆಗೆ ಎಣಿಸುವುದನ್ನು ನಾನು ರೂಢಿ ಮಾಡಿಕೊಂಡೆ.

ಅಡಕೆ ಬೆಳೆಗಾರ

ಟೀಚರ ಮೇಲೆ ನನಗೆ ಗೌರವವಿದೆ, ಆದರೂ ಇಲ್ಲಿ ಒಂದು ಮಾತು ಹೇಳಲೇಬೇಕು. ಬಾವಿಕಟ್ಟೆಯ ಬಲೆ ಒಂದು ವಾರ ತಡವಾದರೂ ನಡೆಯುತ್ತದೆ. ಏಪ್ರಿಲ್ ಕೊನೆಯಲ್ಲಿ ಕುಡಿಯುವ ನೀರಿನ ವಿಷಯ ಹಾಗಲ್ಲ. ನಮ್ಮ ಬೈಲಿನಲ್ಲಿ ಸುರಂಗದ ನೀರನ್ನೇ ನಂಬಿದ ಮನೆಗಳಿವೆ. ಕೊಳವೆಬಾವಿಗಳು ಬಂದ ಮೇಲೆ ಸುರಂಗಗಳನ್ನು ಬಿಟ್ಟುಬಿಟ್ಟವರು, ಕೊಳವೆಬಾವಿಯೂ ಬತ್ತಿದಾಗ ಮತ್ತೆ ಸುರಂಗದ ಬಾಯಿಗೆ ಬಂದು ನಿಂತಿದ್ದಾರೆ. ಆ ದಿನ ತೋಟದಮನೆಯವರು ಮಾತನಾಡದಿದ್ದರೆ ಮನವಿ ಹಿಂದೆ ಬರುತ್ತಿತ್ತು, ಮಳೆಗಾಲ ತೊಡಗುವ ಮೊದಲು ಹೂಳು ತೆಗೆಸುವ ಅವಕಾಶವೂ ತಪ್ಪುತ್ತಿತ್ತು. ಮಕ್ಕಳಿಗೆ ನಾಯಕತ್ವದ ಪಾಠ ಆಗಬೇಕೆಂಬುದನ್ನು ಒಪ್ಪುತ್ತೇನೆ. ಊರಿನ ನೀರಿನ ಮೇಲೆ ಆ ಪಾಠವನ್ನು ಅಭ್ಯಾಸ ಮಾಡಿಸಬೇಕೇ ಎಂಬುದು ನನ್ನ ಪ್ರಶ್ನೆ.

ಹೊಳೆಬದಿ

ಅಣ್ಣಾ, ಇಷ್ಟು ವರ್ಷ ಆ ಸುರಂಗಗಳ ಪಟ್ಟಿಯನ್ನು ದೊಡ್ಡವರು ಯಾರೂ ಮಾಡಿರಲಿಲ್ಲವೆಂಬುದನ್ನೂ ನೆನಪಿಟ್ಟುಕೊಳ್ಳಬೇಕು. ಮನೆಮನೆಗೆ ಹೋಗಿ ಎಣಿಸಿದವರು ಅವರು. ಎಣಿಸಿದವರಿಗೆ ಮಾತಿನ ಹಕ್ಕೂ ಇದೆ.

ಕಾನೂನು ವಿದ್ಯಾರ್ಥಿ

ಮನವಿ ಹಿಂದೆ ಬರುತ್ತಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ 350ನೆಯ ವಿಧಿಯ ಪ್ರಕಾರ, ತನ್ನ ಅಹವಾಲಿನ ಪರಿಹಾರಕ್ಕಾಗಿ ಯಾವನೇ ವ್ಯಕ್ತಿ ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಹದಿನೆಂಟು ವರ್ಷ ತುಂಬಿರಬೇಕೆಂಬ ಷರತ್ತು ಆ ವಿಧಿಯಲ್ಲಿಲ್ಲ. ಕನ್ನಡದಲ್ಲಿ ಬರೆದ ಮನವಿಯೆಂಬ ಕಾರಣಕ್ಕೆ ಹಿಂದೆ ಕೊಟ್ಟರೆ ಅದು ಕಚೇರಿಯ ತಪ್ಪು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಇಲ್ಲಿಯ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರೆಂಬ ನೆಲೆಯಲ್ಲಿ ಪಡೆದುಕೊಂಡ ಅನುಕೂಲಗಳೆಲ್ಲ ಯಾರೋ ಒಬ್ಬರು ಮೇಜಿನ ಮುಂದೆ ಹಟ ಹಿಡಿದು ನಿಂತ ಕಾರಣದಿಂದ ಬಂದವು. ಮಾರ್ಗದರ್ಶಿಯಾದವರು ಆ ಹುಡುಗಿಗೆ ಈ ವಿಧಿಯನ್ನು ಮೊದಲೇ ಓದಿ ಹೇಳಿದ್ದರೆ, ಅವಳು ಆ ಒಂದು ಕ್ಷಣ ತಡೆದ ಮೇಲೆ ಕನ್ನಡದಲ್ಲಿಯೇ ಧೈರ್ಯವಾಗಿ ಹೇಳುತ್ತಿದ್ದಳು.

ಅಯಲ್‌ಕೂಟದವಳು

ತಮ್ಮಾ, 350ನೆಯ ವಿಧಿ ಮನವಿ ಕೊಡುವ ಹಕ್ಕನ್ನು ಕೊಡುತ್ತದೆ. ಮೇಜಿನಾಚೆಯವರಿಗೆ ನಿನ್ನ ಮಾತು ಅರ್ಥವಾಗಬೇಕೆಂದು ಅದು ವ್ಯವಸ್ಥೆ ಮಾಡುವುದಿಲ್ಲ. ನಾನು ಹದಿನಾರು ವರ್ಷಗಳಿಂದ ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯಲ್ಲಿದ್ದೇನೆ; ನೆರೆಕರೆಯ ಹೆಂಗಸರ ಅದರ ಗುಂಪೇ ಅಯಲ್‌ಕೂಟ. ಹಕ್ಕು ಮತ್ತು ಮಾತು ಎರಡೂ ಕೈಯಲ್ಲಿ ಇಲ್ಲದಿದ್ದರೆ ಕೆಲಸ ನಡೆಯುವುದಿಲ್ಲವೆಂಬುದು ನನ್ನ ಅನುಭವ. ನಮ್ಮ ಹುಡುಗಿಯರು ಕನ್ನಡವನ್ನು ಬಿಡದೆಯೇ ಮಲಯಾಳವನ್ನು ಕಲಿಯಬೇಕು, ಅದರಲ್ಲಿ ಸಣ್ಣತನವೇನೂ ಇಲ್ಲ.

ನಾನು ಕಲಿತ ಬಗೆಯನ್ನು ಹೇಳುತ್ತೇನೆ. ಅಯಲ್‌ಕೂಟಕ್ಕೆ ಕಾರ್ಯದರ್ಶಿಯಾದಾಗ ನನಗೆ ವರದಿ ಪುಸ್ತಕ ಓದುವುದಕ್ಕೂ ಕೈ ನಡುಗುತ್ತಿತ್ತು. ಆಗ ಅಧ್ಯಕ್ಷೆಯಾಗಿದ್ದವರು ಬೀಡಿ ಕಟ್ಟುತ್ತಿದ್ದ ಒಬ್ಬರು ಹಿರಿಯರು, ಓದಿದ್ದು ನಾಲ್ಕನೆಯ ತರಗತಿ. ಸಾಲದ ಕಾಗದಕ್ಕಾಗಿ ನನ್ನನ್ನು ಬ್ಯಾಂಕಿಗೆ ಮೂರು ಸಲ ಕರೆದುಕೊಂಡು ಹೋದರು. ಮೊದಲ ಸಲ ಅವರು ಮಾತನಾಡಿದರು, ನಾನು ನೋಡಿದೆ. ಎರಡನೆಯ ಸಲ ನಾನು ಮಾತನಾಡಿದೆ, ಅವರು ಪಕ್ಕದಲ್ಲಿ ಕುಳಿತಿದ್ದರು. ಮೂರನೆಯ ಸಲ, "ನನಗೆ ಕಾಲು ನೋವು, ನೀನೇ ಹೋಗಿ ಬಾ" ಎಂದು ಬಸ್ ತಂಗುದಾಣದ ಕಲ್ಲಿನ ಮೇಲೆ ಕುಳಿತುಬಿಟ್ಟರು. ಕಾಲು ನೋವು ಸುಳ್ಳೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. 1998ರಲ್ಲಿ ಕುಟುಂಬಶ್ರೀ ಆರಂಭವಾದ ಮೇಲೆ ವಾರ್ಡು ಮಟ್ಟದ ಸಮಿತಿಯಾದ ಎಡಿಎಸ್, ಪಂಚಾಯತಿ ಮಟ್ಟದ ಸಿಡಿಎಸ್ ಎಂದು ಮೇಲೆ ಮೇಲೆ ಹೋದ ಹೆಂಗಸರಲ್ಲಿ ಹೆಚ್ಚಿನವರು ಹೀಗೆ ಒಬ್ಬರ ಬೆನ್ನ ಹಿಂದೆ ನಿಂತು ಕಲಿತವರೇ.

ತೋಟದಮನೆಯ ಅಕ್ಕಾ, ನೀವು ಮೊದಲ ಸಲ ಮಾತನಾಡಿದ್ದರಲ್ಲಿ ತಪ್ಪಿಲ್ಲ. ಇದು ಮೊದಲನೆಯ ಸಲ, ಎರಡನೆಯ ಸಲ ನಿನ್ನದು ಎಂದು ಅವಳಿಗೆ ಮೊದಲೇ ಹೇಳಿರಲಿಲ್ಲ, ಅಷ್ಟೆ.

ಅಡಕೆ ಬೆಳೆಗಾರ

ಅಯಲ್‌ಕೂಟದ ಅಕ್ಕ ಹೇಳಿದ್ದನ್ನು ಒಪ್ಪುತ್ತೇನೆ. ಇದರ ಜೊತೆಗೆ, ಈ ವಿಷಯವನ್ನು ಕಚೇರಿಗೆ ಮಾತ್ರ ಕೊಂಡುಹೋಗುವ ಬದಲು ಹುಡುಗಿಯರು ಗ್ರಾಮಸಭೆಯಲ್ಲಿ ಎತ್ತಿ ನಿರ್ಣಯ ಮಾಡಿಸಬೇಕು. ಅಲ್ಲಿ ನಿರ್ಣಯವಾದರೆ ಬದಿಗೆ ಸರಿಸುವುದು ಸುಲಭವಲ್ಲ.

ಕಾನೂನು ವಿದ್ಯಾರ್ಥಿ

ಒಂದು ತಿದ್ದುಪಡಿ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆಯ ಸದಸ್ಯರು ಎಂದರೆ ಆ ವಾರ್ಡಿನ ಮತದಾರರು; ಹದಿನೆಂಟು ತುಂಬದ ಹುಡುಗಿಯರು ಸದಸ್ಯರಾಗುವುದಿಲ್ಲ, ಅವರು ಕೈ ಎತ್ತಿದರೂ ಲೆಕ್ಕಕ್ಕೆ ಬರುವುದಿಲ್ಲ. ಕೋರಂ ಆಗಬೇಕಾದರೆ ಮತದಾರರ ಹತ್ತನೆಯ ಒಂದು ಪಾಲು ಬರಬೇಕು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕೆಂಬ ನಿಯಮವಿದೆ.

ಅಯಲ್‌ಕೂಟದವಳು

ಮತವಿಲ್ಲವೆಂಬುದು ಸರಿ. ಆದರೆ ಗ್ರಾಮಸಭೆಯಲ್ಲಿ ಜನ ತುಂಬುವುದು ಹೆಚ್ಚಾಗಿ ನಮ್ಮ ಅಯಲ್‌ಕೂಟಗಳ ಹೆಂಗಸರಿಂದ. ಹುಡುಗಿಯರು ಮೊದಲು ಎರಡು ಮೂರು ಅಯಲ್‌ಕೂಟಗಳ ವಾರದ ಸಭೆಗೆ ಬಂದು ಪಟ್ಟಿಯನ್ನು ಓದಿ ಹೇಳಲಿ. ಅವರ ಅಮ್ಮಂದಿರೇ, ಚಿಕ್ಕಮ್ಮಂದಿರೇ ಅಲ್ಲಿ ಕುಳಿತಿರುತ್ತಾರೆ. ನಿರ್ಣಯಕ್ಕೆ ಕೈ ಎತ್ತುವವರು ಆಗ ತಾವಾಗಿ ಸಿಗುತ್ತಾರೆ. ಕುಟುಂಬಶ್ರೀಯದ್ದೇ ಬಾಲಸಭೆಗಳೂ ಇವೆ, ಮಕ್ಕಳು ಸಭೆ ನಡೆಸಿ ವರದಿ ಬರೆಯಲು ಕಲಿಯುವುದಕ್ಕೆ ಅದು ಒಳ್ಳೆಯ ಜಾಗ. ಇನ್ನೊಂದು ವಿಷಯವನ್ನು ಮಾರ್ಗದರ್ಶಿಗಳೆಲ್ಲರೂ ತಿಳಿದಿರಬೇಕು: ಪಂಚಾಯತಿನ ಯೋಜನಾ ನಿಧಿಯಲ್ಲಿ ಕನಿಷ್ಠ ನೂರಕ್ಕೆ ಹತ್ತು ಪಾಲನ್ನು ಮಹಿಳೆಯರ ಯೋಜನೆಗಳಿಗೆ ತೆಗೆದಿಡಬೇಕು. ನೀರು ಹೊರುವವರು ಹೆಂಗಸರೇ ಆದುದರಿಂದ ಸುರಂಗದ ಬೇಡಿಕೆಯನ್ನು ಆ ದಾರಿಯಿಂದಲೂ ಕೇಳಿ ನೋಡಬಹುದು.

ಕಡಲಾಚೆ

ನಾನು ಕುಂಬಳೆ ಕಡೆಯವಳು, ಈಗ ಅಮೆರಿಕದಲ್ಲಿದ್ದೇನೆ. ನನ್ನ ಮಗಳು ಇಲ್ಲಿ ಗರ್ಲ್ ಸ್ಕೌಟ್ಸ್‌ನಲ್ಲಿ ಗೋಲ್ಡ್ ಅವಾರ್ಡ್‌ಗಾಗಿ ಕೆಲಸ ಮಾಡುತ್ತಿರುವುದರಿಂದ ಈ ಚರ್ಚೆ ನನಗೆ ಬಹಳ ಹತ್ತಿರದ್ದಾಗಿ ಕಂಡಿತು. 1912ರಲ್ಲಿ ಜಾರ್ಜಿಯಾದ ಸವಾನಾ ಊರಿನಲ್ಲಿ ಜೂಲಿಯೆಟ್ ಗಾರ್ಡನ್ ಲೋ ಅವರು ಹದಿನೆಂಟು ಹುಡುಗಿಯರೊಂದಿಗೆ ಆರಂಭಿಸಿದ ಸಂಸ್ಥೆ ಇದು. ಗೋಲ್ಡ್ ಅವಾರ್ಡ್ ಪ್ರೌಢಶಾಲೆಯ ಹುಡುಗಿಯರಿಗೆ. ಹುಡುಗಿ ತನ್ನ ಊರಿನ ಒಂದು ಸಮಸ್ಯೆಯ ಬೇರನ್ನು ಹುಡುಕಬೇಕು, ಅದಕ್ಕೆ ತಾನು ಒಂದು ಪರಿಹಾರವನ್ನು ನಡೆಸಿ ತೋರಿಸಬೇಕು, ತಾನು ಬಿಟ್ಟುಹೋದ ಮೇಲೆಯೂ ಅದು ಮುಂದುವರಿಯುವಂತೆ ಮಾಡಬೇಕು. ಕನಿಷ್ಠ 80 ಗಂಟೆಗಳ ಕೆಲಸವೆಂದು ಸೂಚಿಸಿದ್ದಾರೆ.

ಇಲ್ಲಿ ನಿಮಗೆ ಉಪಯೋಗವಾಗಬಹುದಾದ ಒಂದು ಅಂಶವಿದೆ. ಯೋಜನೆಗೆ ಒಬ್ಬರು ಸಲಹೆಗಾರರು ಇರುತ್ತಾರೆ, ಅವರು ಆ ವಿಷಯವನ್ನು ಬಲ್ಲವರಾಗಿರಬೇಕು. ಹೆತ್ತವರು ಆ ಸ್ಥಾನದಲ್ಲಿ ಕುಳಿತುಕೊಳ್ಳುವಂತಿಲ್ಲ. ಮಗಳ ಯೋಜನೆಯ ಸಭೆಗೆ ನಾನು ಕಾರು ಓಡಿಸಿಕೊಂಡು ಹೋಗುತ್ತೇನೆ, ಆದರೆ ಒಳಗೆ ಹೋಗುವುದಿಲ್ಲ. ಗುಂಪನ್ನು ನೋಡಿಕೊಳ್ಳುವವರು ಬೇರೆ, ವಿಷಯವನ್ನು ಬಲ್ಲವರು ಬೇರೆ ಎಂದಿದ್ದರೆ, ಒಬ್ಬರ ಮೇಲೆಯೇ ಎಲ್ಲ ಭಾರವೂ ಬೀಳುವುದಿಲ್ಲ, ಆ ಒಬ್ಬರೇ ಎಲ್ಲ ಮಾತನ್ನೂ ಆಡಿಬಿಡುವ ಸಂಭವವೂ ಕಡಿಮೆ. ನಿಮ್ಮ ಸುರಂಗದ ಕೆಲಸಕ್ಕೆ, ಸ್ವತಃ ಸುರಂಗ ತೋಡಿದ ಹಿರಿಯರೊಬ್ಬರನ್ನು ಸಲಹೆಗಾರರನ್ನಾಗಿ ಮಾಡಿದರೆ ಹೇಗೆ?

ಎರಡು ಬಸ್ಸಿನ ದಾರಿ

ಸುರಂಗ ತೋಡಿದವರನ್ನು ಕರೆಯುವ ಸಲಹೆ ಬಹಳ ಒಳ್ಳೆಯದು. ಆದರೆ ಗಂಟೆಗಳ ಲೆಕ್ಕವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ನಾನು ನೋಡಿಕೊಳ್ಳುವ ಗುಂಪಿನ ಒಬ್ಬ ಹುಡುಗಿ ಬೆಳಗ್ಗೆ ಏಳೂವರೆಗೆ ಮನೆ ಬಿಡುತ್ತಾಳೆ, ಎರಡು ಬಸ್ ಬದಲಿಸಿ ಹಯರ್ ಸೆಕೆಂಡರಿ ಶಾಲೆಗೆ ಹೋಗುತ್ತಾಳೆ. ಸಂಜೆ ವಿದ್ಯಾರ್ಥಿಗಳನ್ನು ಕಂಡರೆ ನಿಲ್ಲಿಸದೆ ಹೋಗುವ ಬಸ್ಸುಗಳು ಹೋದ ಮೇಲೆ ಸಿಕ್ಕಿದ್ದನ್ನು ಹಿಡಿದು, ಗುಡ್ಡೆ ಹತ್ತಿ, ಮನೆ ಸೇರುವಾಗ ಆರು ಗಂಟೆ. ಆಮೇಲೆ ದನಕ್ಕೆ ಹುಲ್ಲು, ತಮ್ಮನ ಪಾಠ. ಅವಳಿಗೆ ತಿಂಗಳಿಗೆ ಎರಡು ಗಂಟೆ ಸಿಕ್ಕಿದರೆ ಅದು ದೊಡ್ಡದು. ಆ ಎರಡು ಗಂಟೆಯಲ್ಲಿ ಅವಳು ತನ್ನ ಬಸ್ ತಂಗುದಾಣದಲ್ಲಿ ಯಾವ ಬಸ್ಸು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದರ ಒಂದು ತಿಂಗಳ ಪಟ್ಟಿಯನ್ನು ಮಾಡಿದ್ದಾಳೆ. ಹಾಗೆ ನೋಡಿದರೆ ಬಸ್ಸಿಗೆ ಕಾದ ಹೊತ್ತೇ ಅವಳ ಯೋಜನೆಯ ಹೊತ್ತು.

ಕಡಲಾಚೆ

ನಿಮ್ಮ ಮಾತು ನನಗೆ ಮನದಟ್ಟಾಯಿತು. ಗಂಟೆಗಳನ್ನು ಬಿಟ್ಟುಬಿಡೋಣ, ಬೇರನ್ನು ಹುಡುಕಬೇಕೆಂಬುದನ್ನು ಮಾತ್ರ ಇಟ್ಟುಕೊಳ್ಳೋಣ.

ಇಬ್ಬರು ಹೆಣ್ಣುಮಕ್ಕಳ ತಂದೆ

ಯಾರೂ ಕೇಳದ ಒಂದು ವಿಷಯವನ್ನು ಕೇಳುತ್ತೇನೆ, ತಪ್ಪು ತಿಳಿಯಬಾರದು. ನನ್ನ ದೊಡ್ಡ ಮಗಳಿಗೆ ಹದಿನಾಲ್ಕು. ಸುರಂಗದ ಒಳಗೆ ಹಾವಿರುತ್ತದೆ, ಬಾವಲಿ ಇರುತ್ತದೆ, ಒಳಗೆ ಹೋದಂತೆ ಉಸಿರಾಡಲು ಗಾಳಿ ಸಾಲದು, ಹಳೆಯದಾದರೆ ಮಣ್ಣು ಕುಸಿಯುವುದೂ ಉಂಟು. ಇದನ್ನು ನೋಡಿಕೊಳ್ಳುವವರು ಯಾರು? ಎರಡನೆಯದಾಗಿ, ಸ್ವಯಂಸೇವಕರೆಂದು ಬರುವವರೆಲ್ಲರನ್ನೂ ನಂಬಿ ಮಗಳನ್ನು ಕಳುಹಿಸುವುದು ಹೇಗೆ?

ದಾದಿ, ಮುಳ್ಳೇರಿಯ

ಅಣ್ಣಾ, ತಂದೆಯಾದವರು ಕೇಳಲೇಬೇಕಾದದ್ದನ್ನು ನೀವು ಕೇಳಿದ್ದೀರಿ. ನಮ್ಮ ಗುಂಪಿನಲ್ಲಿ ನಾವು ಪಾಲಿಸುವುದನ್ನು ಹೇಳುತ್ತೇನೆ. ಯಾವ ಮಾರ್ಗದರ್ಶಿಯೂ ಒಬ್ಬ ಹುಡುಗಿಯೊಂದಿಗೆ ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ. ತಮ್ಮೊಳಗೆ ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಯಾವಾಗಲೂ ಇರುತ್ತಾರೆ. ಹುಡುಗಿಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬೇರೆಯಾಗಿ ಸಂದೇಶ ಕಳುಹಿಸುವುದಿಲ್ಲ, ಗುಂಪಿನಲ್ಲಿ ತಾಯಂದಿರೂ ಇರುತ್ತಾರೆ. ಹೊಸ ಸ್ವಯಂಸೇವಕರನ್ನು ಊರಿನಲ್ಲಿ ಬಲ್ಲ ಇಬ್ಬರು ಹೇಳಿದ ಮೇಲೆಯೇ ಸೇರಿಸಿಕೊಳ್ಳುತ್ತೇವೆ.

ಮಾರ್ಗದರ್ಶಿಗಳಲ್ಲಿ ಹಲವರಿಗೆ ತಿಳಿಯದ ಇನ್ನೊಂದು ವಿಷಯ ಉಂಟು. ಹುಡುಗಿಯೊಬ್ಬಳು ವಿಶ್ವಾಸದಿಂದ ತನ್ನ ಮೇಲೆ ನಡೆದ ಲೈಂಗಿಕ ಕಿರುಕುಳವನ್ನು ನಿಮ್ಮಲ್ಲಿ ಹೇಳಿಕೊಂಡರೆ, ಅದನ್ನು ಗುಟ್ಟಾಗಿಡುತ್ತೇನೆಂದು ಮಾತು ಕೊಡಬಾರದು. 2012ರ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಯಾರಿಗೇ ಆದರೂ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ನಾವು ಮೊದಲ ಸಭೆಯಲ್ಲಿಯೇ ಎಲ್ಲರ ಪುಸ್ತಕದ ಹಿಂಬದಿಯಲ್ಲಿ ಬರೆಯಿಸುತ್ತೇವೆ. ಏನನ್ನು ಗುಟ್ಟಾಗಿಡಬಲ್ಲೆ, ಏನನ್ನು ಇಡಲಾರೆ ಎಂಬುದನ್ನು ಮೊದಲ ದಿನವೇ ಹುಡುಗಿಯರಿಗೆ ತಿಳಿಸಿ ಹೇಳಿದರೆ, ಮುಂದೆ ಅವರಿಗೆ ಮೋಸ ಹೋದಂತೆ ಆಗುವುದಿಲ್ಲ.

ತೋಟದಮನೆ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ತಂದೆಯವರ ಆತಂಕಕ್ಕೆ ಮೊದಲು ಉತ್ತರಿಸುತ್ತೇನೆ. ನಮ್ಮ ಹುಡುಗಿಯರಲ್ಲಿ ಯಾರೂ ಸುರಂಗದ ಒಳಗೆ ಕಾಲಿಡುವುದಿಲ್ಲ, ಇದು ಮೊದಲ ದಿನದ ನಿಯಮ. ಅವರ ಕೆಲಸವೆಲ್ಲ ಹೊರಗೆ, ನೀರು ಬಂದು ಬೀಳುವಲ್ಲಿ. ನೀರು ಹರಿದು ಬರುವ ಅಡಕೆಮರದ ದಂಬೆಯ ತುದಿಗೆ ಹತ್ತು ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಮೊಬೈಲಿನಲ್ಲಿ ನೋಡುತ್ತಾರೆ. ಮೂರು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಒಂದು ಸುರಂಗದಲ್ಲಿ ಮಾರ್ಚ್ ಮೊದಲ ವಾರ 42 ಸೆಕೆಂಡಿನಲ್ಲಿ ತುಂಬಿದ ಬಕೆಟ್, ಏಪ್ರಿಲ್ ನಡುವಿನಲ್ಲಿ ತುಂಬುವುದಕ್ಕೆ 110 ಸೆಕೆಂಡು ಹಿಡಿಯಿತು; ನಿಮಿಷಕ್ಕೆ ಹದಿನಾಲ್ಕು ಲೀಟರಿಗಿಂತ ತುಸು ಹೆಚ್ಚಿದ್ದ ನೀರು ಐದೂವರೆ ಲೀಟರಿಗೆ ಇಳಿದಿತ್ತು. ಬಕೆಟ್ ಹಿಡಿಯುತ್ತಿದ್ದವಳು ಈ ಮುಂದಾಳು ಹುಡುಗಿಯೇ. ಎರಡನೆಯ ಸಲ ಅಳೆಯುವಾಗ ಅವಳ ಕೈ ಸೋತು ಬಕೆಟ್ ಓರೆಯಾಯಿತು. ಅವಳು ಚೆಲ್ಲಿ ಮತ್ತೆ ಮೊದಲಿನಿಂದ ಹಿಡಿದಳು; ಆ ಮನೆಯ ಅಜ್ಜಿ, "ನೀರನ್ನು ಚೆಲ್ಲಬೇಡ ಮಗಾ, ಈ ಕೊಡಪಾನಕ್ಕೆ ಹಾಕು" ಎಂದು ತಾವೇ ಕೊಡಪಾನ ತಂದು ಇಟ್ಟರು. ಈ ಯಾವ ಸಂಗತಿಯೂ ನಾನು ಕಚೇರಿಯಲ್ಲಿ ಹೇಳಿದ ಮಲಯಾಳದ ಮಾತಿನಲ್ಲಿ ಇರಲಿಲ್ಲ. ಅವಳು ಹೇಳಿದ್ದರೆ ಇರುತ್ತಿತ್ತು.

ಪ್ಲಸ್ ಟು ವಿದ್ಯಾರ್ಥಿನಿ

ಎಲ್ಲ ಹಿರಿಯರಿಗೂ ನಮಸ್ಕಾರ. ಇಷ್ಟು ಮಂದಿ ನಮ್ಮ ಬಗ್ಗೆ ಮಾತನಾಡುತ್ತಿರುವುದರಿಂದ ನಾನೂ ಹೇಳಬೇಕೆನಿಸಿತು. ನಾನು ಬೇರೊಂದು ಪಂಚಾಯತಿನ ಇಂತಹದೇ ಗುಂಪಿನವಳು. ನಮ್ಮದು ಶಾಲೆಯ ಶೌಚಾಲಯ ಮತ್ತು ಮುಟ್ಟಿನ ಪ್ಯಾಡ್‌ಗಳ ವಿಲೇವಾರಿಯ ಯೋಜನೆಯಾಗಿತ್ತು. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿಯಲ್ಲಿ 2022ರಲ್ಲಿ ಹೆಂಗಸರಿಗೆ ಮುಟ್ಟಿನ ಕಪ್‌ಗಳನ್ನು ಹಂಚಿದ ವಿಷಯವನ್ನು ಓದಿ ನಮಗೆ ಉತ್ಸಾಹ ಬಂದಿತ್ತು.

ಟೀಚರ್ ಇಪ್ಪತ್ತರವರೆಗೆ ಎಣಿಸಿದರೆಂದು ಬರೆದಿದ್ದಾರೆ. ನನ್ನ ಮಾರ್ಗದರ್ಶಿಯೂ ಹಾಗೆಯೇ ಸುಮ್ಮನೆ ಕುಳಿತರು. ಎದುರಿಗೆ ಹನ್ನೊಂದು ಮಂದಿ ಗಂಡಸರು ಇದ್ದರು, ನಾನು "ಮುಟ್ಟು" ಎಂಬ ಪದವನ್ನು ಹೇಳಬೇಕಿತ್ತು. ಅವರು ಸುಮ್ಮನಿದ್ದದ್ದು ನನಗೆ ಕಲಿಸಲೆಂದು ಎಂಬುದು ನನಗೆ ತಿಳಿದಿರಲಿಲ್ಲ. ನನ್ನನ್ನು ಅಲ್ಲಿ ಬಿಟ್ಟುಬಿಟ್ಟರೆಂದೇ ತಿಳಿದೆ. ಮನೆಗೆ ಬಂದು ಬಹಳ ಅತ್ತೆ. ಆಮೇಲೆ ನಾವಿಬ್ಬರೂ ಕುಳಿತು ಮಾತನಾಡಿ ಒಂದು ಗುರುತನ್ನು ಮಾಡಿಕೊಂಡೆವು. ನನ್ನ ಕೈಯಲ್ಲಿ ಪೆನ್ ಇರುವಷ್ಟು ಹೊತ್ತು ಅವರು ಮಾತನಾಡಬಾರದು. ನಾನು ಪೆನ್ನನ್ನು ಮೇಜಿನ ಮೇಲೆ ಇಟ್ಟರೆ ಅವರು ಒಂದು ವಾಕ್ಯ ಹೇಳಬೇಕು, ಒಂದೇ ವಾಕ್ಯ, ಆಮೇಲೆ ಮಾತನ್ನು ಮತ್ತೆ ನನಗೇ ಕೊಡಬೇಕು. ಎರಡನೆಯ ಸಭೆಯಲ್ಲಿ ಒಂದು ಸಲ ಪೆನ್ ಇಟ್ಟೆ. ಮೂರನೆಯದರಲ್ಲಿ ಇಡಲಿಲ್ಲ.

ಆದುದರಿಂದ ಎಲ್ಲಿಯವರೆಗೆ ಮಾತನಾಡಬೇಕೆಂಬುದನ್ನು ಇಲ್ಲಿ ಕೇಳುವುದರ ಜೊತೆಗೆ ಆ ತಂಗಿಯನ್ನೂ ಕೇಳಿ ಅಕ್ಕಾ.

ನಿವೃತ್ತ ಟೀಚರ್, ಬದಿಯಡ್ಕ

ಮಗೂ, ನಾನು ಎಣಿಸುತ್ತಿದ್ದೇನೆಂದು ನನ್ನ ಹುಡುಗಿಯರಿಗೂ ತಿಳಿದಿರಲಿಲ್ಲ. ಅವರಲ್ಲಿ ಎಷ್ಟು ಮಂದಿ ಮನೆಗೆ ಹೋಗಿ ಅತ್ತಿದ್ದಾರೋ ಎಂದು ಈಗ ಯೋಚಿಸುತ್ತಿದ್ದೇನೆ. ಪೆನ್ನಿನ ಗುರುತು ನನಗೆ ಆಗ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು.

ಗೋಡಂಬಿ ಗುಡ್ಡೆ

ಈ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗಬಾರದು. ನಾಯಕತ್ವವನ್ನು ಕಲಿಸುವುದಕ್ಕೆ ದೂರದ ಉದಾಹರಣೆಗಳ ಅಗತ್ಯ ಈ ಜಿಲ್ಲೆಗೆ ಇಲ್ಲ. ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ಕಾಲದಲ್ಲಿ, ಪೆರಿಯದ ಕಡೆ ವಾಸವಾಗಿದ್ದ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ ಅವರು ಇದೇ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ಆ ಸಿಂಪಡಣೆಗೆ ತಡೆ ತಂದರು. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯವಾಗುವಂತೆ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರಲ್ಲಿ. ಅವರು ಮೊದಲು ಮೆಟ್ಟಿಲೇರಿದಾಗ ಅವರಿಗೆ ಮಾರ್ಗದರ್ಶಿಗಳೆಂಬವರು ಯಾರಿದ್ದರು? ಎಣ್ಮಕಜೆಯ ಪಡ್ರೆಯಲ್ಲಿ, ಸ್ವರ್ಗದಲ್ಲಿ, ಕಾಯಿಲೆಯ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಧರಣಿಗೆ ಹೋಗಿ ಕುಳಿತ ತಾಯಂದಿರಿಗೂ ಯಾರೂ ತರಬೇತಿ ಕೊಟ್ಟಿರಲಿಲ್ಲ. ಹುಡುಗಿಯರನ್ನು ಅಂತಹ ಒಬ್ಬ ತಾಯಿಯ ಮನೆಗೆ ಕರೆದುಕೊಂಡು ಹೋಗಿ ಒಂದು ಮಧ್ಯಾಹ್ನ ಕುಳ್ಳಿರಿಸಿದರೆ, ಕಚೇರಿಯ ಮೇಜು ಅವರಿಗೆ ಸಣ್ಣದಾಗಿ ಕಾಣುತ್ತದೆ.

ದಾದಿ, ಮುಳ್ಳೇರಿಯ

ಹೋಗಬಹುದು, ಆದರೆ ಆ ಮನೆಯವರನ್ನು ಮೊದಲು ಕೇಳಿ, ಅವರಿಗೆ ಅನುಕೂಲವಾದ ದಿನ ಮಾತ್ರ. ನೋಡಲು ಬಂದು ಹೋದವರಿಂದ ದಣಿದ ಮನೆಗಳು ಅಲ್ಲಿ ಬಹಳ ಇವೆ. ಬರಿಗೈಯಲ್ಲಿ ಹೋಗಿ ಕಥೆ ಕೇಳಿ ಬರುವುದಕ್ಕಿಂತ, ಔಷಧಿಯ ಚೀಟಿ ಓದಿ ಹೇಳುವುದೋ, ಅರ್ಜಿ ತುಂಬಿಸುವುದೋ, ಏನಾದರೂ ಒಂದು ಕೆಲಸವನ್ನು ಮಾಡಿಕೊಟ್ಟು ಬರಬೇಕು.

ಎನ್ನೆಸ್ಸೆಸ್‌ನಲ್ಲಿದ್ದವಳು

ನನ್ನದೊಂದು ತಪ್ಪೊಪ್ಪಿಗೆ. ಕಾಲೇಜಿನಲ್ಲಿ ಎನ್ನೆಸ್ಸೆಸ್‌ಗಾಗಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಆಗಬೇಕಿತ್ತು. ಅದರಲ್ಲಿ ಒಂದು ಪಾಲನ್ನು ಹುಡುಗಿಯರ ಗುಂಪಿಗೆ ಮಾರ್ಗದರ್ಶಿಯಾಗಿ ಕಳೆದೆ. ನನ್ನ ಗಂಟೆಗಳು ಮುಗಿದುವು, ನಾನು ಹೋಗುವುದನ್ನು ಬಿಟ್ಟೆ. ಹುಡುಗಿಯರ ಯೋಜನೆ ಅರ್ಧದಲ್ಲಿತ್ತು. ಒಂದು ವರ್ಷದ ಮೇಲೆ ಮಂಗಳೂರಿನ ಬಸ್ಸಿನಲ್ಲಿ ಸಿಕ್ಕಿದ ಅವರಲ್ಲೊಬ್ಬಳು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡಳು. ಮದುವೆಯಾಗಿ ಹೋಗುವವರು, ಕೆಲಸಕ್ಕೆ ಬೆಂಗಳೂರಿಗೋ ಗಲ್ಫಿಗೋ ಹೋಗುವವರು ಮಾರ್ಗದರ್ಶಿಗಳಾಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಎಂದು ಹೋಗುತ್ತೇನೆಂಬುದನ್ನು ಮೊದಲೇ ಹೇಳಿ, ತನ್ನ ಜಾಗಕ್ಕೆ ಇನ್ನೊಬ್ಬರನ್ನು ಹುಡುಗಿಯರಿಗೆ ಪರಿಚಯ ಮಾಡಿಸಿಯೇ ಹೋಗಬೇಕು.

ತೋಟದಮನೆ

ನಿನ್ನೆ ಸಂಜೆ ನನ್ನ ಗೆಳತಿಯನ್ನೂ ಕರೆದುಕೊಂಡು ಹುಡುಗಿಯ ಮನೆಗೆ ಹೋಗಿದ್ದೆ. ಅವಳು ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಾ ಕುಳಿತಿದ್ದಳು. ಅವಳ ಅಮ್ಮ ಚಹಾ ತರಲು ಒಳಗೆ ಹೋದಾಗ, "ಆ ದಿನ ನಿನ್ನ ಮಾತನ್ನು ನಾನು ಕಸಿದುಕೊಂಡೆ, ನನ್ನದು ತಪ್ಪಾಯಿತು" ಎಂದೆ. ಅವಳು ತುಂಬ ಹೊತ್ತು ಏನೂ ಹೇಳಲಿಲ್ಲ. ನಾನೂ ಒಂದು ಹಿಡಿ ಬೀಜ ತೆಗೆದುಕೊಂಡು ಸುಲಿಯತೊಡಗಿದೆ. ಆಮೇಲೆ ಅವಳೇ, "ರಶೀದಿಯಲ್ಲಿ ಯಾರ ಹೆಸರು ಬರೆದಿದ್ದಾರೆ?" ಎಂದು ಕೇಳಿದಳು. ನನ್ನ ಹೆಸರಿತ್ತು. ಅದನ್ನು ನಾನು ಗಮನಿಸಿಯೇ ಇರಲಿಲ್ಲ.

ಪೆನ್ನಿನ ಗುರುತಿನ ವಿಷಯ ಹೇಳಿದೆ. ಪೆನ್ ಬೇಡ, ಕಚೇರಿಯಲ್ಲಿ ಬರೆಯಲು ಪೆನ್ ಬೇಕಾಗುತ್ತದೆ, ಅಳತೆಯ ಪುಸ್ತಕವನ್ನು ಮುಚ್ಚಿದರೆ ನೀವು ಮಾತನಾಡಿ ಎಂದಳು. ಎರಡನೆಯ ಮನವಿಯನ್ನು ಬಕೆಟಿನ ಲೆಕ್ಕದೊಂದಿಗೆ ಕನ್ನಡದಲ್ಲಿ ತಾನೇ ಬರೆಯುತ್ತಾಳೆ. ಕೆಳಗೆ ಏಳು ಮಂದಿಯ ಸಹಿ ಇರುತ್ತದೆ, ನನ್ನ ಸಹಿ ಬೇಡವಂತೆ. ಕೊಡುವಾಗ ವಿಷಯವನ್ನು ಮಲಯಾಳದಲ್ಲಿ ನಾಲ್ಕು ವಾಕ್ಯ ಹೇಳುತ್ತಾಳೆ, ಪ್ರಶ್ನೆ ಕೇಳಿದರೆ ಕನ್ನಡದಲ್ಲಿ ಉತ್ತರಿಸುತ್ತಾಳೆ. "ಅಕ್ಕ, ಕೆಸರಿಗೆ ಮಲಯಾಳದಲ್ಲಿ ಏನು ಹೇಳುವುದು?" ಎಂದು ಕೇಳಿ, ನಾನು "ಚೆಳಿ" ಎಂದದ್ದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಮುಂದಿನ ಬುಧವಾರ ಹೋಗುವುದೆಂದು ಮಾತಾಗಿದೆ. ಅದಕ್ಕೆ ಮೊದಲು ಭಾನುವಾರ ನಮ್ಮ ಪಕ್ಕದ ಅಯಲ್‌ಕೂಟದ ಸಭೆಯಲ್ಲಿ ಪಟ್ಟಿ ಓದುತ್ತಾಳೆ.

ಅಡಕೆ ಬೆಳೆಗಾರ

ನಮ್ಮ ತಂದೆಯವರಿಗೆ ಸುರಂಗ ತೋಡಿಕೊಟ್ಟ ಹಿರಿಯರೊಬ್ಬರು ಈಗಲೂ ಇದ್ದಾರೆ, ವಯಸ್ಸು ಎಂಬತ್ತರ ಹತ್ತಿರ. ಮುರಕಲ್ಲಿನಲ್ಲಿ ನೀರಿನ ಜಾಡನ್ನು ಹೇಗೆ ಗುರುತಿಸುತ್ತಿದ್ದರೆಂಬುದನ್ನು ಹುಡುಗಿಯರಿಗೆ ಹೇಳಲು ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನದ ಮೇಲೆ ಗ್ರಂಥಾಲಯಕ್ಕೆ ನಾನೇ ಕರೆದುಕೊಂಡು ಬರುತ್ತೇನೆ.

ಅಯಲ್‌ಕೂಟದವಳು

ಬುಧವಾರ ಬೇಡ ಅಕ್ಕಾ. ಹೆಚ್ಚಿನ ಪಂಚಾಯತುಗಳಲ್ಲಿ ಯಾವ ದಿನ ಸಮಿತಿಯ ಸಭೆ ಇದೆಯೆಂದು ಮೊದಲೇ ಹೇಳುತ್ತಾರೆ. ಸಭೆಯ ದಿನ ಹೋದರೆ ಯಾರೂ ಕೂತು ಕೇಳುವುದಿಲ್ಲ. ಸೋಮವಾರ ಫೋನ್ ಮಾಡಿ ವಿಚಾರಿಸಿಕೊಳ್ಳಲಿ, ಫೋನನ್ನೂ ಅವಳೇ ಮಾಡಲಿ. ರಶೀದಿಯಲ್ಲಿ ಅವಳ ಹೆಸರನ್ನು ಬರೆದ ಮೇಲೆಯೇ ಮೇಜು ಬಿಟ್ಟು ಏಳಬೇಕೆಂದು ಹೇಳಿ.